ಅರವತ್ತಮೂರನೆಯ ಬಿಲ್ಲೆ

ನಾರ್ಸ್‌ಮನ್, ಪಶ್ಚಿಮ ಆಸ್ಟ್ರೇಲಿಯಾ
ಏಪ್ರಿಲ್ 28, 2023

ನೋಲಾ,

ಲಕೋಟೆಯ ಹಿಂದಿನ ಹೆಸರು ನೋಡಿಯೂ ಇದನ್ನು ಒಲೆಗೆ ಹಾಕದೆ ಇಷ್ಟು ಓದಿದ್ದರೆ, ಇನ್ನೂ ಸ್ವಲ್ಪ ಓದು. ನಾನು ವರ್ನಾ. ಮಲ್ಗಾರಾ ಗಣಿಯಲ್ಲಿ ತಲೆದೀಪ ಕೊಡುವ ಲ್ಯಾಂಪ್ ರೂಮಿನವಳು. ನಿನ್ನ ಪಕ್ಕದ ತಗಡಿನ ಮನೆಯಲ್ಲಿ ಆರು ವರ್ಷ ಇದ್ದವಳು. ಮೂವತ್ತಾರು ವರ್ಷಗಳಿಂದ ನಿನಗೆ ಒಂದು ಸಾಲೂ ಬರೆಯದವಳು.

ನಿನ್ನ ವಿಳಾಸ ಸಿಕ್ಕಿದ್ದು ಕಾಲ್ಗೂರ್ಲಿಯ ಚರ್ಚಿನ ಹಳಬರೊಬ್ಬರಿಂದ. ಫೋನ್ ನಂಬರ್ ಕೇಳಿದೆ. "ನೋಲಾ ಫೋನ್ ಎತ್ತಲ್ಲಮ್ಮ, ಎತ್ತಿದ್ರೆ ಬೈತಾಳೆ. ಕಾಗದ ಬರಿ, ಅದನ್ನಾದ್ರೆ ಮನಸ್ಸಲ್ಲೇ ಬೈಕೊಳ್ತಾಳೆ" ಎಂದರು.

ನನ್ನ ಗಂಡ ಕ್ಲೆಮ್ ತೀರಿಕೊಂಡು ಎರಡು ವರ್ಷವಾಯಿತು. ಕಾರಿನ ಹಿಂದೆ ಕಟ್ಟಿ ಎಳೆಯುವ ಈ ಕ್ಯಾರವಾನ್ ಕೊಂಡವನು ಅವನು. ಅದರಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ. ಮಾರಿಬಿಡು ಎಂದು ಎಲ್ಲರೂ ಹೇಳಿದರು. ನಾನು ಅದನ್ನು ಹಿಂದಕ್ಕೆ ಓಡಿಸುವುದನ್ನು ಕಲಿತೆ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ, ನಿನ್ನ ಹಾಗೆ. ನಿನ್ನೆ ಇಲ್ಲಿನ ಮೈದಾನದಲ್ಲಿ ನಿಲ್ಲಿಸುವಾಗ ಪಕ್ಕದ ಗಾಡಿಯ ಮುದುಕ ಕುರ್ಚಿ ಹಾಕಿಕೊಂಡು, ಬಿಯರ್ ಹಿಡಿದು ನೋಡುತ್ತಾ ಕೂತಿದ್ದ. ನಾಲ್ಕನೆಯ ಸಲಕ್ಕೆ ಸರಿಯಾಗಿ ನಿಂತಾಗ, "ಅಯ್ಯೋ, ಇಷ್ಟು ಬೇಗ ಮುಗಿಸಿಬಿಟ್ಯಾ?" ಎಂದ.

ದಾರಿಯಲ್ಲಿ ಮಲ್ಗಾರಾಕ್ಕೆ ಹೋಗಿದ್ದೆ. ಊರೇ ಇಲ್ಲ. ತಂತಿಬೇಲಿ, ಅದರೊಳಗೆ ಹಸಿರು ನೀರು ತುಂಬಿದ ಹೊಂಡ. ನಿನ್ನ ಮನೆಯಿದ್ದ ಕಡೆ ಸಿಮೆಂಟಿನ ಮೂರು ಮೆಟ್ಟಿಲು ಉಳಿದಿವೆ, ಎಲ್ಲಿಗೂ ಹತ್ತದ ಮೆಟ್ಟಿಲು. ಅವುಗಳ ಮೇಲೆ ಕೂತು ಬ್ರೆಡ್ಡು ತಿಂದೆ. ಎಲ್ಲಿಂದಲೋ ಒಂದು ನಾಯಿ ಬಂತು, ನಿನ್ನ ಪಿಪ್‌ನ ಬಣ್ಣದ್ದೇ. ಅರ್ಧ ಕೊಟ್ಟೆ.

ನಾನು ಪೂರ್ವಕ್ಕೆ ಬರುತ್ತಿದ್ದೇನೆ. ಬ್ರೋಕನ್ ಹಿಲ್‌ಗೆ ಬಂದು ನಿನ್ನನ್ನು ನೋಡಬೇಕು. ಹೇಳಬೇಕಾದ ಒಂದು ಮಾತಿದೆ. ಬರಬೇಡ ಎಂದರೆ ಬರುವುದಿಲ್ಲ. ಸೆಡೂನಾದ ಅಂಚೆ ಕಚೇರಿಗೆ ಬರೆ, ಹತ್ತನೆಯ ತಾರೀಕಿನ ಹೊತ್ತಿಗೆ ಅಲ್ಲಿರುತ್ತೇನೆ.

ವರ್ನಾ


ಬ್ರೋಕನ್ ಹಿಲ್
ಮೇ 5, 2023

ವರ್ನಾ,

ಬದುಕಿದ್ದೀಯಾ? ಸರಿ.

ಪಿಪ್‌ನ ಹೆಸರು ಎತ್ತಬೇಡ. ಆ ವಾರ ನನ್ನ ಮನೆಯಿಂದ ಹೋದದ್ದು ಗಂಡ ಒಬ್ಬನೇ ಅಲ್ಲ, ನಾಯಿಯೂ ಹೋಯಿತು. ಅವನನ್ನು ಹುಡುಕಿಕೊಂಡು ಹೋಗಿ ಎಲ್ಲೋ ಬಿಸಿಲಲ್ಲಿ ಸತ್ತಿರಬೇಕು. ಹದಿನೈದು ದಿನಕ್ಕೆ ನೀನೂ ಹೋದೆ. ಬೆಳಗ್ಗೆ ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಮಾಡಿ, ಬಿಸಿ ಆರಬಾರದೆಂದು ಬಟ್ಟೆ ಮುಚ್ಚಿಕೊಂಡು ನಿನ್ನ ಬಾಗಿಲಿಗೆ ಬಂದರೆ ಮನೆ ಖಾಲಿ. ಹೋಗುತ್ತೇನೆ ಎಂಬ ಒಂದು ಮಾತಿಲ್ಲ. ನಾಲ್ಕು ಪ್ಯಾಸ್ಟಿಯನ್ನೂ ನಿಂತಲ್ಲೇ ನಾನೊಬ್ಬಳೇ ತಿಂದೆ. ಹೊಟ್ಟೆ ನೋವು ಬಂತು.

ಈ ಕ್ಲೆಮ್ ಯಾರು? ಎಲ್ಲಿ ಸಿಕ್ಕ, ಯಾವಾಗ ಮದುವೆಯಾದೆ? ವರ್ಷ ಬರೆ.

ನನಗೆ ಎಪ್ಪತ್ತನಾಲ್ಕು. ಹೇಳಬೇಕಾದ ಮಾತಿದ್ದರೆ ಕಾಗದದಲ್ಲೇ ಹೇಳು. ನನ್ನ ಅಡುಗೆಮನೆಯಲ್ಲಿ ಕೂತು ಅಳುವವರು ನನಗೆ ಬೇಡ. ಕೇಳಿದ ಮೇಲೆ ಬಾಗಿಲು ತೆಗೆಯಬೇಕೋ ಬೇಡವೋ ನೋಡುತ್ತೇನೆ.

ನೋಲಾ ನೀಬೋನ್


ಸೆಡೂನಾ
ಮೇ 12, 2023

ನೋಲಾ,

ಕ್ಲೆಮ್ ಜೆರಾಲ್ಡ್‌ಟನ್‌ನಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ. ನಾನು ಅಲ್ಲಿಗೆ ಹೋದ ನಾಲ್ಕನೆಯ ವರ್ಷ, 1991ರಲ್ಲಿ ಮದುವೆಯಾದೆವು. ಇದನ್ನೇಕೆ ಕೇಳಿದೆಯೋ ತಿಳಿಯಲಿಲ್ಲ. ಈಗ ನನ್ನ ಮಾತು.

ಲ್ಯಾಂಪ್ ರೂಮಿನ ಗೋಡೆಯಲ್ಲಿದ್ದ ಎರಡು ಬೋರ್ಡು ನಿನಗೆ ಗೊತ್ತು. ಒಂದು 'ಹೊರಗೆ', ಇನ್ನೊಂದು 'ಒಳಗೆ'. ಗಣಿಗೆ ಇಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು 'ಒಳಗೆ'ಗೆ ಸಿಕ್ಕಿಸಿ ಇಳಿಯುತ್ತಿದ್ದ. ಮೇಲೆ ಬಂದವನು ತಾನೇ ಅದನ್ನು 'ಹೊರಗೆ'ಗೆ ಹಾಕುತ್ತಿದ್ದ. 'ಒಳಗೆ' ಬೋರ್ಡಿನಲ್ಲಿ ಒಂದೇ ಒಂದು ಬಿಲ್ಲೆ ಇದ್ದರೂ ಮದ್ದು ಸಿಡಿಸುವಂತಿರಲಿಲ್ಲ. ಇನ್ನೊಬ್ಬರ ಬಿಲ್ಲೆಯನ್ನು ಯಾರೂ ಮುಟ್ಟುವಂತಿರಲಿಲ್ಲ, ಮ್ಯಾನೇಜರ್ ಕೂಡ. ಅದರ ಮೇಲೆ ನನ್ನದೊಂದು ನಿಯಮ: ಮೊದಲು ತಲೆದೀಪ ನನ್ನ ಕಿಟಕಿಗೆ ಬರಬೇಕು, ಆಮೇಲೆ ಬಿಲ್ಲೆ. ನಾನು ಆ ಕಿಟಕಿಯಲ್ಲಿ ಕೂತ ಮೂರು ವರ್ಷ ಒಂದೂ ದೀಪ ಕಳೆದಿರಲಿಲ್ಲ. ಅದರ ಬಗ್ಗೆ ನನಗೆ ಜಂಬವಿತ್ತು.

1987ರ ಮಾರ್ಚ್ 12, ಗುರುವಾರ. ಮೂರನೆಯ ಹಂತದ ಹಳೆಯ ಸುರಂಗವನ್ನು ಸಿಡಿಸಿ ಶಾಶ್ವತವಾಗಿ ಮುಚ್ಚುವ ದಿನ. ನಾಲ್ಕು ಗಂಟೆಗೆ ಎಲ್ಲರೂ ಮೇಲೆ ಬಂದಾಗಿತ್ತು. 'ಒಳಗೆ' ಬೋರ್ಡಿನಲ್ಲಿ ಒಂದೇ ಬಿಲ್ಲೆ ಉಳಿದಿತ್ತು. ಅರವತ್ತಮೂರು. ನಿನ್ನ ಗಂಡ ಮರ್ವ್‌ನದು.

ಅವನದು ಪಂಪು ನೋಡುವ ಕೆಲಸ, ಒಬ್ಬನೇ ಓಡಾಡುವವನು, ಯಾವ ಗುಂಪಿನವರಿಗೂ ಅವನ ಲೆಕ್ಕವಿರಲಿಲ್ಲ. ಷಿಫ್ಟ್ ಬಾಸ್ ಆಂಗ್ವಿನ್ ಕಿಟಕಿಯ ಹಲಗೆಗೆ ಮುಷ್ಟಿಯಿಂದ ಬಡಿದ.

"ಏನಮ್ಮ ವರ್ನಾ, ಬೋರ್ಡು ಖಾಲಿನಾ?"

"ಒಂದಿದೆ. ನೀಬೋನ್."

"ಆ ಸೋಮಾರಿ ಆಗ್ಲೇ ಪಬ್ಬಲ್ಲಿರ್ತಾನೆ. ಬಿಲ್ಲೆ ತೆಗೆಯೋಕೂ ಅವನಿಗೆ ಆಳು ಬೇಕಾ? ಇಡೀ ಷಿಫ್ಟು ನಿನ್ನ ಕಿಟಕಿ ಕಾಯ್ತಾ ನಿಂತಿದೆ ಕಣೇ. ಹುಡುಕೋಕೆ ಜನ ಇಳಿಸಿದ್ರೆ ಏಳು ಗಂಟೆ ಆಗತ್ತೆ."

ಅದಕ್ಕೂ ಹತ್ತು ನಿಮಿಷ ಮೊದಲು, ಬಟ್ಟೆ ಬದಲಿಸುವ ಕೋಣೆಯ ಹಿಂದೆ ಬೇಲಿಯ ಕಡೆಗೆ ಒಬ್ಬ ನಡೆದುಹೋಗುವುದು ನನಗೆ ಕಂಡಿತ್ತು. ಬೆನ್ನು ಮಾತ್ರ. ನೀಲಿ ಅಂಗಿ, ಎಡ ಭುಜ ಸ್ವಲ್ಪ ಇಳಿದ ನಡಿಗೆ. ಮರ್ವ್ ಎಂದುಕೊಂಡೆ. ಅಷ್ಟೇ ಆಧಾರ. ಎದ್ದುಹೋಗಿ ಅರವತ್ತಮೂರನ್ನು ತೆಗೆದು 'ಹೊರಗೆ' ಬೋರ್ಡಿಗೆ ಹಾಕಿದೆ.

"ಖಾಲಿ" ಎಂದೆ.

ನೆಲ ಅದುರಿತು. ಕಪಾಟಿನ ದೀಪಗಳೆಲ್ಲ ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಆಗ ಎಣಿಸಿದೆ. ಅರವತ್ತಮೂರನೆಯ ದೀಪ ಬಂದಿರಲಿಲ್ಲ.

ಮರುದಿನ ನೀನು ಬಂದು "ಮರ್ವ್ ರಾತ್ರಿ ಮನೆಗೆ ಬಂದಿಲ್ಲ ಕಣೇ" ಎಂದೆ. ಮೂರನೆಯ ದಿನ ಸಾರ್ಜೆಂಟ್ ಬಂದ. ಬೋರ್ಡು ನೋಡಿದ. "ಬಿಲ್ಲೆ ಹೊರಗಿದೆ. ಅಂದ್ರೆ ಮನುಷ್ಯನೂ ಹೊರಗಿದ್ದಾನೆ" ಎಂದು ಬರೆದುಕೊಂಡ. ಊರಿಗೆಲ್ಲ ಅದೇ ಸಾಕ್ಷಿಯಾಯಿತು. ಆ ಸಾಕ್ಷಿಯನ್ನು ಸಿಕ್ಕಿಸಿದ್ದು ನನ್ನ ಕೈ ಎಂದು ನನಗೂ ಆಂಗ್ವಿನ್‌ಗೂ ಮಾತ್ರ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ರಿಜಿಸ್ಟರಿನಲ್ಲಿ ಆ ದೀಪದ ನಂಬರಿನ ಮುಂದೆ 'ಒಡೆದಿದೆ' ಎಂದು ಬರೆದೆ. ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡೆ. ನೀನು ಪ್ರತಿ ಸಂಜೆ ಮೆಟ್ಟಿಲ ಮೇಲೆ ಕೂರುವುದನ್ನು ಹದಿನೈದು ದಿನ ನೋಡಿದೆ. ಹದಿನಾರನೆಯ ದಿನ ನೋಡಲಾಗಲಿಲ್ಲ.

ನೋಲಾ, ನಿನ್ನ ಗಂಡ ಓಡಿಹೋಗಿಲ್ಲದೆಯೂ ಇರಬಹುದು. ಆ ಸುರಂಗದಲ್ಲೇ ಇರಬಹುದು. ಹಾಗಿದ್ದರೆ ಅವನನ್ನು ಅಲ್ಲಿ ಇಟ್ಟವಳು ನಾನು. ಕ್ಲೆಮ್‌ಗೂ ಇದನ್ನು ಹೇಳಲಿಲ್ಲ. ಬಿಲ್ಲೆ ಈಗಲೂ ನನ್ನ ಹೊಲಿಗೆ ಡಬ್ಬಿಯಲ್ಲಿದೆ.

ಪೊಲೀಸರಿಗೆ ಹೇಳುವುದಾದರೆ ಹೇಳು, ಈ ಕಾಗದವನ್ನೇ ಕೊಡು. ನಾನು ಪೋರ್ಟ್ ಅಗಸ್ಟಾಕ್ಕೆ ಹೋಗಿ ಅಲ್ಲಿ ಕಾಯುತ್ತೇನೆ. 26ನೇ ತಾರೀಕು ಶುಕ್ರವಾರ ಬೆಳಗ್ಗೆಯವರೆಗೆ. ಉತ್ತರ ಬರದಿದ್ದರೆ ಅದೇ ಉತ್ತರ ಎಂದುಕೊಂಡು ಗಾಡಿ ತಿರುಗಿಸುತ್ತೇನೆ.

ವರ್ನಾ


ಪೋರ್ಟ್ ಅಗಸ್ಟಾ
ಮೇ 22, 2023

ನೋಲಾ,

ದಿನಾ ಬೆಳಗ್ಗೆ ಅಂಚೆ ಕಚೇರಿಗೆ ಹೋಗುತ್ತೇನೆ. ಅಲ್ಲಿನ ಹೆಂಗಸು ನನ್ನನ್ನು ಕಂಡೊಡನೆ ಇಲ್ಲವೆಂದು ತಲೆಯಾಡಿಸುತ್ತಾಳೆ. ಇವತ್ತು ನಾನು ಬಾಗಿಲಲ್ಲೇ ನಿಂತೆ, ಅವಳು ಅಲ್ಲಿಂದಲೇ ಆಡಿಸಿದಳು.

ಒತ್ತಾಯಕ್ಕೆ ಬರೆಯುತ್ತಿಲ್ಲ. ಹಿಂದಿನ ಕಾಗದ ತಲುಪದೇ ಹೋಗಿರಬಹುದೇ ಎಂಬ ಆಸೆ ಹುಟ್ಟಿತ್ತು. ಅದು ಹೇಡಿಯ ಆಸೆ. ತಲುಪಿದೆ ಎಂದೇ ನಂಬಿದ್ದೇನೆ.

ಗಾಡಿಯ ಟಯರುಗಳಿಗೆ ಗಾಳಿ ತುಂಬಿಸಿದೆ. ನೀರು ತುಂಬಿಸಿದೆ. ಎರಡೂ ದಿಕ್ಕಿಗೆ ಸಾಕಾಗುವಷ್ಟು.

ವರ್ನಾ


ಬ್ರೋಕನ್ ಹಿಲ್
ಮೇ 23, 2023

ವರ್ನಾ,

ಹುಚ್ಚೀ.

ಮೊದಲು ಇದನ್ನು ಓದು, ಆಮೇಲೆ ಉಳಿದದ್ದು: ಮರ್ವ್ ಸುರಂಗದಲ್ಲಿಲ್ಲ. ಆ ವರ್ಷ ಏಪ್ರಿಲ್ ಮೂರನೆಯ ವಾರ ಅವನಿಂದ ನನಗೊಂದು ಕಾರ್ಡು ಬಂತು. ಆಂಡಮೂಕಾದ ಅಂಚೆ ಮುದ್ರೆ. ಅವನದೇ ಕೋಳಿಕಾಲಿನ ಅಕ್ಷರ. 'ಓಪಲ್ ಹರಳು ಅಗೆಯುತ್ತಿದ್ದೇನೆ. ಹುಡುಕಬೇಡ. ಒಂಟಿಯಾಗಿಲ್ಲ, ಜೊತೆ ಇದೆ.' ಇಷ್ಟೇ.

ಓದಿ ಒಲೆಗೆ ಹಾಕಿದೆ. ಯಾರಿಗೂ ಹೇಳಲಿಲ್ಲ. ಸಾರ್ಜೆಂಟ್ ಮತ್ತೆ ಬಂದು ಕೇಳಿದಾಗಲೂ "ಏನೂ ಗೊತ್ತಿಲ್ಲ" ಎಂದೆ. ಗಂಡ ಕಾಣೆಯಾದವಳನ್ನು ಕಂಡರೆ ಊರಿನ ಹೆಂಗಸರು ಸೂಪು ತಂದುಕೊಡುತ್ತಾರೆ. ಗಂಡ ಬಿಟ್ಟುಹೋದವಳನ್ನು ಕಂಡರೆ ತಮ್ಮ ಗಂಡಂದಿರನ್ನು ಒಳಗೆ ಕರೆದುಕೊಳ್ಳುತ್ತಾರೆ. ನಾನು ಸೂಪು ಆರಿಸಿಕೊಂಡೆ.

ಈಗ ಕೆಟ್ಟ ಭಾಗ. ನಿನ್ನ ಕಾಗದ ತಲುಪಿ ವಾರವಾಯಿತು. ನಾಚಿಕೆಯಿಂದ ಬರೆಯಲಿಲ್ಲ. ಆ 'ಜೊತೆ' ನೀನು ಎಂದುಕೊಂಡಿದ್ದೆ.

ನಗಬೇಡ. ಅವನು ಹೋದ ಹದಿನೈದು ದಿನಕ್ಕೆ ನೀನು ಹೇಳದೆ ಕೇಳದೆ ಹೋದೆ. ಅದಕ್ಕೂ ಮೊದಲೇ ನನ್ನ ಮುಖ ನೋಡುವುದನ್ನು ಬಿಟ್ಟಿದ್ದೆ. ನಾನು ಬೇಲಿಯ ಹತ್ತಿರ ಬಂದರೆ ನೀನು ಒಳಗೆ ಹೋಗುತ್ತಿದ್ದೆ. ನಾನು ಇನ್ನೇನು ಎಂದುಕೊಳ್ಳಬೇಕಿತ್ತು? ಗಂಡನ ಮೇಲಿನ ಸಿಟ್ಟು ಎರಡು ವರ್ಷಕ್ಕೆ ಆರಿತು, ಅವನು ಅಷ್ಟಕ್ಕೇ ಲಾಯಕ್ಕು. ನಿನ್ನ ಮೇಲಿನದು ಆರಲಿಲ್ಲ. ಕ್ಲೆಮ್ ಯಾರು, ಯಾವ ವರ್ಷ ಎಂದು ಕೇಳಿದ್ದು ಅದಕ್ಕೇ. ಮರ್ವ್‌ನಿಗೇ ಹೊಸ ಹೆಸರಿಟ್ಟಿದ್ದೀಯೇನೋ ಎಂದುಕೊಂಡಿದ್ದೆ. ಅವನಿಗೆ ಶಾಲೆಯ ಬಸ್ಸು ಯಾರು ಕೊಡುತ್ತಾರೆ!

ನಾನು ಆ ಕಾರ್ಡನ್ನು ಸುಡದಿದ್ದರೆ, ಊರಲ್ಲಿ ಒಬ್ಬರಿಗೆ ತೋರಿಸಿದ್ದರೂ, ನಿನಗೆ ಸುದ್ದಿ ಮುಟ್ಟುತ್ತಿತ್ತು. ನೀನು ಒಂದು ಬಿಲ್ಲೆ ಮುಚ್ಚಿಟ್ಟೆ, ನಾನು ಒಂದು ಕಾರ್ಡು ಸುಟ್ಟೆ. ಇಬ್ಬರೂ ಎಂಥ ಬುದ್ಧಿವಂತರು.

ನಿನ್ನನ್ನು ನಾನು ಬಲ್ಲೆ. ನೋಲಾ ಕರುಣೆಯಿಂದ ಸುಳ್ಳು ಹೇಳುತ್ತಿದ್ದಾಳೆ ಎಂದು ಮೂರನೆಯ ದಿನಕ್ಕೆ ನಿನಗೆ ಅನುಮಾನ ಶುರುವಾಗುತ್ತದೆ. ನನ್ನಲ್ಲಿ ಕಾರ್ಡಿಲ್ಲ, ತೋರಿಸಲಾರೆ. ಆಂಡಮೂಕಾ ನೀನಿರುವಲ್ಲಿಂದ ಮೂರು ಗಂಟೆಯ ದಾರಿ. ಹೋಗಿ ನಿನ್ನ ಕಣ್ಣಿಂದಲೇ ನೋಡು. ಮುದುಕ ಸಿಕ್ಕಿದರೆ ನನ್ನ ಪರವಾಗಿ ಏನೂ ಹೇಳಬೇಡ.

ನೋಲಾ


ಆಂಡಮೂಕಾ
ಮೇ 30, 2023

ನೋಲಾ,

ನಿನ್ನ ಕಾಗದ ಇನ್ನೇನು ತಪ್ಪಿಹೋಗುತ್ತಿತ್ತು. ಶುಕ್ರವಾರ ಅಂಚೆ ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿದ್ದೆ. ಒಳಗಿನಿಂದ ಆ ಹೆಂಗಸು ಗಾಜಿಗೆ ಮುಖ ಒತ್ತಿ ತಲೆಯಾಡಿಸಿದಳು. ಗಾಡಿ ಹತ್ತಿ ಪಶ್ಚಿಮದ ದಾರಿ ಹಿಡಿದೆ. ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದಾಗ ಅವಳು ಕಾರಿನಲ್ಲಿ ಬಂದಳು, ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಇಲ್ಲ. "ಎರಡನೇ ಚೀಲದಲ್ಲಿತ್ತು ಕಣಮ್ಮಾ! ಹತ್ತು ದಿನದಿಂದ ನಿಮ್ಮ ಮುಖ ನೋಡಿ ನೋಡಿ ನನಗೇ ಊಟ ಸೇರ್ತಿರಲಿಲ್ಲ."

ಬಂಕಿನಲ್ಲೇ ಓದಿದೆ. ಹಿಂದಿನ ಲಾರಿಯವನು ಹಾರನ್ ಒತ್ತುತ್ತಲೇ ಇದ್ದ. ಓದಿ ಮುಗಿಸಿ ಅವನನ್ನು ನೋಡಿ ನಕ್ಕೆ. ಅವನು ಒತ್ತುವುದನ್ನು ನಿಲ್ಲಿಸಿದ, ಹೆದರಿರಬೇಕು.

ನೀನು ಹೇಳಿದ್ದು ನಿಜ. ಅನುಮಾನ ಮೂರನೆಯ ದಿನಕ್ಕಲ್ಲ, ಮೂರನೆಯ ಗಂಟೆಗೇ ಬಂತು. ಉತ್ತರಕ್ಕೆ ತಿರುಗಿದೆ.

ಆಂಡಮೂಕಾ ನಿನಗೆ ಇಷ್ಟವಾಗುವ ಊರು. ಇಲ್ಲಿ ಯಾರೂ ಮನೆಗೆ ಬಣ್ಣ ಹೊಡೆಯುವುದಿಲ್ಲ. ಅರ್ಧ ನೆಲದೊಳಗೆ, ಅರ್ಧ ತಗಡು. ಎಲ್ಲೆಲ್ಲೂ ಬಿಳಿ ಮಣ್ಣಿನ ಗುಡ್ಡೆ. ಅಂಗಡಿಯಲ್ಲಿ ಮರ್ವ್ ನೀಬೋನ್ ಎಂದು ಕೇಳಿದೆ. ಅಂಗಡಿಯವಳಿಗೆ ನೀಬೋನ್ ಎಂಬ ಹೆಸರು ಗೊತ್ತಿಲ್ಲ. "ಮರ್ವ್ ಅಂದ್ರೆ ಒಬ್ಬನಿದ್ದ. ಜ್ವೊಂಕೊನ ಕೇಳಿ, ಇಬ್ಬರೂ ಒಟ್ಟಿಗೆ ಅಗೀತಿದ್ರು" ಎಂದಳು.

ಜ್ವೊಂಕೊ ಕ್ರೊಯೇಷಿಯಾದವನು, ಎಂಬತ್ತೆರಡು, ಬಾಗಿಲಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದ.

"ಮರ್ವ್‌ನಾ? ಬಂದಿದ್ದು ತಡವಾಯ್ತು ತಂಗಿ. 2011ರಲ್ಲೇ ಹೋದ. ಎದೆನೋವು. ಊಟದ ಮಧ್ಯೆ. ತಟ್ಟೆ ಖಾಲಿ ಮಾಡಿಯೇ ಹೋದ."

"ಅವನ ಪೂರ್ತಿ ಹೆಸರು?"

"ಇಲ್ಲಿ ಪೂರ್ತಿ ಹೆಸರು ಕೇಳೋರು ಪೊಲೀಸ್ರು ಮಾತ್ರ. ನೀನು ಪೊಲೀಸಾ?"

ಅಲ್ಲ ಎಂದೆ. ಯಾವ ಊರಿನಿಂದ ಬಂದವನು ಎಂದು ಕೇಳಿದೆ. ಪಶ್ಚಿಮದಿಂದ ಎಂದ. ಎಡ ಭುಜ ಇಳಿದಿತ್ತೇ ಎಂದು ಕೇಳಿದೆ. "ಇಳಿದಿತ್ತು" ಎಂದ. ನೋಲಾ, ನನಗೆ ಅದೂ ಸಾಲಲಿಲ್ಲ. ಗಣಿಯಲ್ಲಿ ದುಡಿದ ಅರ್ಧ ಜನರ ಒಂದು ಭುಜ ಇಳಿದಿರುತ್ತದೆ.

ಆಲೂಗಡ್ಡೆ ಬೇಯಿಸಲು ಅವನು ಒಳಗೆ ಹೋದ, ನನ್ನನ್ನೂ ಕರೆದ. ಒಳಗೆ ಕತ್ತಲೆ. ಅವನು ಗೋಡೆಗೆ ಕೈ ಚಾಚಿ ಮೊಳೆಯಿಂದ ಒಂದು ದೀಪ ತೆಗೆದು ಹೊತ್ತಿಸಿದ. ಹಳೆಯ ತಲೆದೀಪ. ಒಳಗೆ ಹೊಸ ಬಲ್ಬು, ಹೊಸ ತಂತಿ. ಬ್ಯಾಟರಿಯ ಕಬ್ಬಿಣದ ಮುಚ್ಚಳ ಮಾತ್ರ ಹಳೆಯದು. ನಾನು ಅದನ್ನು ಅವನ ಕೈಯಿಂದ ಕಿತ್ತುಕೊಂಡೆ ಎಂದೇ ಹೇಳಬೇಕು. ಹೆಬ್ಬೆರಳಿನಿಂದ ಕೊಳೆ ಉಜ್ಜಿದೆ. ಮಲ್ಗಾರಾದ ಎಂ ಅಕ್ಷರ. ಅದರ ಕೆಳಗೆ 63. ಆರರ ಹೊಟ್ಟೆ ಸೊಟ್ಟಗಿತ್ತು. ಆ ಅಚ್ಚು ಒತ್ತಿದ್ದು ನಾನೇ, 1984ರಲ್ಲಿ, ಸುತ್ತಿಗೆ ಜಾರಿತ್ತು.

"ಇದು ನನ್ನ ದೀಪ" ಎಂದೆ.

ಜ್ವೊಂಕೊ ನನ್ನ ಮುಖ ನೋಡಿದ. ಆಮೇಲೆ ಚಾಕು ಕೆಳಗಿಟ್ಟು ತೊಡೆ ತಟ್ಟಿ ನಗಲು ಶುರುಮಾಡಿದ.

"ನೀನೇನಾ ಆ ಕಿಟಕಿ ಹೆಂಗಸು? ಅಯ್ಯೋ ದೇವರೇ! ಪ್ರತಿ ಕ್ರಿಸ್‌ಮಸ್‌ಗೂ ಹೇಳ್ತಿದ್ದ ಕಣಮ್ಮ. ಸುರಂಗಕ್ಕೆ ಹೆದರಲ್ಲ, ಮದ್ದಿಗೆ ಹೆದರಲ್ಲ, ಆ ಕಿಟಕಿಗೆ ಹೆದರ್ತೀನಿ ಅಂತ. ದೀಪ ಕೊಡದೆ ಬಿಲ್ಲೆ ಮುಟ್ಟೋಕೆ ಬಿಡಲ್ವಂತೆ ನೀನು. ಓಪಲ್ ಅಗಿಯೋಕೆ ದೀಪ ಬೇಕಿತ್ತು ಅವನಿಗೆ. ಅದಕ್ಕೇ ಬಿಲ್ಲೆ ಬೋರ್ಡಲ್ಲೇ ಬಿಟ್ಟು, ಹಿಂದಿನ ಬೇಲಿ ಹಾರಿದ."

"ಬಿಲ್ಲೆ ಬಿಟ್ಟರೆ ಜನ ಹುಡುಕ್ತಾರೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತಲ್ಲ! ಹುಡುಕ್ಲಿ, ಅಷ್ಟ್ರಲ್ಲಿ ನೂರು ಮೈಲಿ ದೂರ ಇರ್ತೀನಿ ಅಂತ ಲಾರಿ ಹತ್ತಿದನಂತೆ. ಆಮೇಲೆ ಪೇಪರಲ್ಲಿ ಒಂದು ಸಾಲೂ ಬರಲಿಲ್ಲ. ಅರವತ್ತು ಜನರಲ್ಲಿ ಒಬ್ಬನೂ ನನ್ನ ಹುಡುಕ್ಲಿಲ್ಲ ಜ್ವೊಂಕೊ ಅಂತ ಸಾಯೋತನಕ ಗೊಣಗಿದ."

ಅಲ್ಲಿದ್ದ ಬಕೆಟ್ಟನ್ನು ಕವುಚಿ ಅದರ ಮೇಲೆ ಕೂತೆ. ಅವತ್ತು ಬೇಲಿಯ ಕಡೆಗೆ ಹೋದ ಬೆನ್ನು ಮರ್ವ್‌ನದೇ. ಮೂವತ್ತಾರು ವರ್ಷ ನಾನು ನಂಬದೇ ಹೋದದ್ದು ನನ್ನ ಕಣ್ಣನ್ನು. ನಿಯಮ ಮುರಿದದ್ದು ಮುರಿದದ್ದೇ; ಅದು ನನ್ನ ಮೇಲೆಯೇ ಇರಲಿ. ಆದರೆ ಒಳಗೆ ಯಾರೂ ಇರಲಿಲ್ಲ. ಇದನ್ನು ಮತ್ತೊಮ್ಮೆ ಬರೆಯುತ್ತೇನೆ, ಬರೆಯಲು ಚೆನ್ನಾಗಿದೆ: ಒಳಗೆ ಯಾರೂ ಇರಲಿಲ್ಲ.

ಜ್ವೊಂಕೊ ನನ್ನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದ. ಮರದ ಶಿಲುಬೆ, 'ಮರ್ವ್' ಎಂದಷ್ಟೇ ಇದೆ. ಬೇಲಿಯ ಆಚೆಗೆ, ಅವನ ತಲೆಯ ನೇರಕ್ಕೆ, ಕಲ್ಲು ಜೋಡಿಸಿದ ಒಂದು ಪುಟ್ಟ ದಿಬ್ಬ. ಅದು ಯಾರದು ಎಂದು ಕೇಳಿದೆ.

"ಅದಾ? ಅವನ ಜೊತೆ ಬಂದ ನಾಯಿ. ಒಂದು ಕಿವಿ ಬಿಳಿ. ಹನ್ನೊಂದು ವರ್ಷ ಬದುಕಿತ್ತು. ಹೆಂಗಸರು ಯಾರೂ ಅವನ ಜೊತೆ ನಿಲ್ಲಲಿಲ್ಲ, ಅದೊಂದು ನಿಂತಿತ್ತು. ಪಿಪ್ ಅಂತ ಕರೀತಿದ್ದ."

ನೋಲಾ, ನಿನ್ನ ಪಿಪ್ ಬಿಸಿಲಲ್ಲಿ ಸಾಯಲಿಲ್ಲ. ಆ ಕಾರ್ಡಿನಲ್ಲಿದ್ದ ಜೊತೆ ಅದೇ.

ನಿನ್ನೆ ಸಂಜೆ ಆರಕ್ಕೆ ಮಲಗಿದವಳು ಇವತ್ತು ಎಂಟಕ್ಕೆ ಎದ್ದೆ. ಹಾಗೆ ಮಲಗಿ ಎಷ್ಟು ಕಾಲವಾಗಿತ್ತೋ. ಜ್ವೊಂಕೊ ದೀಪವನ್ನು ತೆಗೆದುಕೊಂಡು ಹೋಗು ಎನ್ನುತ್ತಿದ್ದಾನೆ. ಬಿಲ್ಲೆ ನನ್ನಲ್ಲಿದೆ. ಎರಡನ್ನೂ ಏನು ಮಾಡಲಿ? ಅವನ ಹೆಂಡತಿ ನೀನು, ನೀನೇ ಹೇಳಬೇಕು. ಉತ್ತರ ಬರುವವರೆಗೆ ಇಲ್ಲೇ ಇರುತ್ತೇನೆ.

ನಿನ್ನ ವರ್ನಾ


ಬ್ರೋಕನ್ ಹಿಲ್
ಜೂನ್ 6, 2023

ವರ್ನಾ,

ಗಂಡ ಬಿಟ್ಟುಹೋದದ್ದನ್ನು ಎಂದೋ ಕ್ಷಮಿಸಿದೆ. ನಾಯಿ ಕದ್ದದ್ದನ್ನು ಕ್ಷಮಿಸುವುದಿಲ್ಲ. ಮಾರ್ಚ್ ತಿಂಗಳ ಬಿಸಿಲಲ್ಲಿ ಹದಿನೈದು ದಿನ ಸಂಜೆ ಹೊತ್ತು ಮೆಟ್ಟಿಲ ಮೇಲೆ ಕೂತು ನಾನು ಕರೆಯುತ್ತಿದ್ದದ್ದು ಪಿಪ್‌ನನ್ನು ಕಣೇ. ನೀನು ಅದನ್ನು ನೋಡಿ ಊರು ಬಿಟ್ಟೆಯಾ! ಹನ್ನೊಂದು ವರ್ಷ ಬದುಕಿತ್ತು ಎಂದು ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ. ಯಾರೂ ನೋಡಲಿಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ.

ದೀಪ ಜ್ವೊಂಕೊನ ಬಳಿಯೇ ಇರಲಿ. ಆಲೂಗಡ್ಡೆ ಬೇಯಿಸುವವನಿಗೆ ಬೆಳಕು ಬೇಕು. ಬಿಲ್ಲೆಯನ್ನು ಆ ಶಿಲುಬೆಗೆ ಮೊಳೆ ಹೊಡೆದು ಸಿಕ್ಕಿಸು. ಹೆಂಡತಿಯ ಅಪ್ಪಣೆ ಇದೆ, ಆದ್ದರಿಂದ ಈ ಸಲ ಇನ್ನೊಬ್ಬರ ಬಿಲ್ಲೆ ಮುಟ್ಟಬಹುದು. ಅರವತ್ತಮೂರು ಹೊರಗೆ. ಬೋರ್ಡು ಖಾಲಿ. ಪಿಪ್‌ನ ಮೇಲೆ ನನ್ನದೊಂದು ಕಲ್ಲು ಇಡು, ಚೆನ್ನಾಗಿರುವುದನ್ನು ಆರಿಸು.

ಆಮೇಲೆ ಬಾ. ನನ್ನ ಮನೆಯ ಪಕ್ಕದ ಓಣಿ ಇಕ್ಕಟ್ಟು, ಗಾಡಿಯನ್ನು ಹಿಂದಕ್ಕೆ ಓಡಿಸಿಯೇ ಒಳಗೆ ತರಬೇಕು. ನಾನು ಕುರ್ಚಿ ಹಾಕಿಕೊಂಡು ನೋಡುತ್ತೇನೆ. ಪ್ಯಾಸ್ಟಿ ನಾಲ್ಕು ಮಾಡುತ್ತೇನೆ, ಈ ಸಲ ಇಬ್ಬರಿಗೆ.

ಅಡುಗೆಮನೆಯ ಬಾಗಿಲ ಪಕ್ಕ ನಿನ್ನೆ ಒಂದು ಮೊಳೆ ಹೊಡೆದಿದ್ದೇನೆ. ಬಂದೊಡನೆ ಗಾಡಿಯ ಬೀಗದ ಕೈ ಅದಕ್ಕೆ ಸಿಕ್ಕಿಸು. ಎಷ್ಟು ದಿನ ಬೇಕೋ ಅಷ್ಟು ದಿನ ಅಲ್ಲಿರಲಿ, ನಾನು ಮುಟ್ಟುವುದಿಲ್ಲ. ಹೋಗುವ ದಿನ ನೀನೇ ತೆಗೆಯಬೇಕು, ನನ್ನ ಮುಖ ನೋಡಿ, ಹೋಗುತ್ತೇನೆ ಎಂದು ಹೇಳಿ.

ನೋಲಾ